ವಾಸಿಯಾಗದ ಕಾಯಿಲೆಯ ಬೆಕ್ಕಿಗೆ ಎಂಥ ಡಾಕ್ಟರು ಬೇಕು?

ಹನ್ನೊಂದು ವರ್ಷ ತುಂಬಿದಾಗ ನಮ್ಮ ಚಿನ್ನಿ 4.3 ಕಿಲೋ ಇದ್ದಳು. ಆರು ತಿಂಗಳ ಮೇಲೆ ಒಂದು ಕ್ಲಿನಿಕ್‌ನಲ್ಲಿ ತೂಗಿದರೆ 4 ಕಿಲೋ. ಇನ್ನಾರು ತಿಂಗಳಿಗೆ ಬೇರೊಂದು ಕಡೆ 3.7. ಎರಡೂ ಕಡೆ ಹೇಳಿದ್ದು ಒಂದೇ ಮಾತು: “ವಯಸ್ಸಾಯ್ತಲ್ಲ, ಇಳಿಯುತ್ತೆ.” ಅವಳು ತಟ್ಟೆ ನೆಕ್ಕಿ ಖಾಲಿ ಮಾಡಿ ಮತ್ತೆ ಕೇಳುತ್ತಿದ್ದಳು. ಹೊಟ್ಟೆತುಂಬ ತಿನ್ನುವ ಪ್ರಾಣಿಗೆ ಏನಾದೀತು ಎಂದು ನಾವೂ ನಂಬಿಕೊಂಡೆವು. ಮೂರನೆಯ ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, ಖಾಲಿ ಹಾಳೆಯೊಂದರಲ್ಲಿ ಮೂರು ಚುಕ್ಕೆ ಇಟ್ಟು ಗೆರೆ ಎಳೆದರು. “ಒಂದು ವರ್ಷದಲ್ಲಿ 600 ಗ್ರಾಂ ಹೋಗಿದೆ. 60 ಕಿಲೋ ಇರೋ ಮನುಷ್ಯರು 8 ಕಿಲೋ ಇಳಿದರೆ ಸುಮ್ಮನಿರ್ತೀವಾ?” ಎಂದು ಕೇಳಿದರು. ಆಮೇಲೆ ಚಿನ್ನಿಯ ಗದ್ದ ಮೇಲೆತ್ತಿ, ಕತ್ತಿನ ಮುಂಭಾಗವನ್ನು ಎರಡು ಬೆರಳಿನಿಂದ ನಿಧಾನವಾಗಿ ಸವರಿ ನೋಡಿ, ರಕ್ತದಲ್ಲಿ ಟಿ4 ಎಂಬ ಥೈರಾಯ್ಡ್ ಹಾರ್ಮೋನಿನ ಪರೀಕ್ಷೆಗೆ ಬರೆದರು. ಥೈರಾಯ್ಡ್ ಹೆಚ್ಚಾಗಿತ್ತು. ಚೆನ್ನಾಗಿ ತಿನ್ನುತ್ತಲೇ ತೂಕ ಕಳೆದುಕೊಳ್ಳುವುದು ವಯಸ್ಸಾದ ಬೆಕ್ಕುಗಳಲ್ಲಿ ಆ ಕಾಯಿಲೆಯ ದೊಡ್ಡ ಗುರುತು.

ಒಳ್ಳೆಯ ಡಾಕ್ಟರ ಬಗ್ಗೆ ಮಾತು ಬಂದರೆ ನಾವು “ಅವರ ಕೈಗುಣ ಚೆನ್ನಾಗಿದೆ” ಅನ್ನುತ್ತೇವೆ. ಗಾಯ, ಜ್ವರ, ಹೊಟ್ಟೆಹುಳುಗಳಿಗೆ ಆ ಮಾತು ನಡೆಯುತ್ತದೆ. ಕಿಡ್ನಿ, ಥೈರಾಯ್ಡ್, ಸಕ್ಕರೆ ಕಾಯಿಲೆ, ಆಸ್ತಮಾದಂಥವು ಬೆಕ್ಕಿಗೆ ಗಂಟುಬಿದ್ದ ಮೇಲೆ ಕೈಗುಣಕ್ಕಿಂತ ಹೆಚ್ಚಾಗಿ ಬೇಕಾದದ್ದು ನೆನಪು: ಹೋದ ಸಲದ ಅಂಕಿಯನ್ನು ಈ ಸಲದ ಅಂಕಿಯ ಪಕ್ಕ ಇಟ್ಟು ನೋಡುವ ಅಭ್ಯಾಸ. ಈ ಕಾಯಿಲೆಗಳ ಚಿಕಿತ್ಸೆಯ ಬಹುಪಾಲು ನಡೆಯುವುದು ಮನೆಯಲ್ಲಿ, ನಮ್ಮ ಕೈಯಲ್ಲಿ, ದಿನಕ್ಕೆರಡು ಸಲದಂತೆ ವರ್ಷಗಟ್ಟಲೆ. ಹಾಗಾಗಿ ನಮಗೆ ಸಿಗಬೇಕಾದವರು ಲೆಕ್ಕ ಇಡುವವರು ಮತ್ತು ಹೇಳಿಕೊಡುವವರು. ಕೆಳಗೆ ಬರುವ ಹೋಲಿಕೆಯನ್ನೆಲ್ಲ ನಾನು ಈ ಎರಡು ಗುಣ ಇಟ್ಟುಕೊಂಡೇ ಮಾಡಿದ್ದೇನೆ.

ನಮ್ಮ ಮುಂದಿರುವ ದಾರಿಗಳು

ಎಲ್ಲ ಪ್ರಾಣಿಗಳನ್ನೂ ನೋಡುವ ಹತ್ತಿರದ ಕ್ಲಿನಿಕ್ ಮೊದಲನೆಯದು. ಇದನ್ನು ಕಡೆಗಣಿಸಬೇಡಿ. ದೀರ್ಘ ಕಾಯಿಲೆ ಎಂದರೆ ಪದೇಪದೇ ಹೋಗುವುದು. ಥೈರಾಯ್ಡ್ ಔಷಧ ಶುರುಮಾಡಿದ ಮೇಲೆ ಎರಡರಿಂದ ನಾಲ್ಕು ವಾರಕ್ಕೆ ಮತ್ತೆ ರಕ್ತಪರೀಕ್ಷೆ, ಕಿಡ್ನಿಯ ಬೆಕ್ಕು ಸ್ಥಿರವಾಗಿದ್ದರೂ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ. ಹತ್ತು ನಿಮಿಷದ ದಾರಿಯಾದರೆ ಹೋಗುತ್ತೇವೆ, ಎರಡು ಗಂಟೆಯದಾದರೆ ಮುಂದೂಡುತ್ತೇವೆ. ಇಡೀ ದಾರಿ ಪೆಟ್ಟಿಗೆಯೊಳಗೆ ಅರಚಿ, ಬಾಯಲ್ಲಿ ನೊರೆ ತಂದುಕೊಂಡು ಬರುವ ಬೆಕ್ಕಿನ ಮಟ್ಟಿಗಂತೂ ದೂರವೇ ಒಂದು ಕಾಯಿಲೆ. ಇಲ್ಲಿನ ಕೊರತೆ ಏನೆಂದರೆ, ಬರುವವರಲ್ಲಿ ಹೆಚ್ಚಿನವು ನಾಯಿಗಳಾಗಿದ್ದರೆ ಡಾಕ್ಟರ ಕೈ ನಾಯಿಗಳಿಗೆ ಪಳಗಿರುತ್ತದೆ.

ಅದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಕೆಲವು ಔಷಧಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಿಮೆ. ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ನಾಯಿಗಳ ಮೈಯ ಉಣ್ಣೆಹುಳು ಸಾಯಲು ಹಚ್ಚುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಪ್ರಮಾಣ ಮೀರಿದರೆ ಬೆಕ್ಕು ಕಣ್ಣನ್ನೇ ಕಳೆದುಕೊಳ್ಳಬಹುದು. ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡನ್ನು ಬೆಕ್ಕಿನ ದೇಹ ಸರಿಯಾಗಿ ಬಳಸಿಕೊಳ್ಳಲಾರದು, ಅದಕ್ಕೆ ಪ್ರೆಡ್ನಿಸೋಲೋನ್ ಕೊಡಬೇಕು. ಇವನ್ನೆಲ್ಲ ನಾವು ಡಾಕ್ಟರಿಗೆ ಪಾಠ ಮಾಡಲಾಗದು, ಮಾಡಲೂಬಾರದು. ಆದರೆ “ನೀವು ವಾರಕ್ಕೆ ಎಷ್ಟು ಬೆಕ್ಕು ನೋಡ್ತೀರಿ? ಈ ಕಾಯಿಲೆಯ ಬೆಕ್ಕುಗಳು ಈಗ ನಿಮ್ಮ ಹತ್ತಿರ ಇವೆಯಾ?” ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯವರು ಈ ಪ್ರಶ್ನೆಗೆ ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ.

ಎರಡನೆಯದು ಬೆಕ್ಕುಗಳಿಗೇ ಮೀಸಲಾದ, ಇಲ್ಲವೇ ಬೆಕ್ಕುಗಳಿಗೆಂದು ಬೇರೆ ಏರ್ಪಾಟು ಮಾಡಿಕೊಂಡ ಕ್ಲಿನಿಕ್. ಇಂಟರ್‌ನ್ಯಾಷನಲ್ ಕ್ಯಾಟ್ ಕೇರ್ ಸಂಸ್ಥೆಯ ಪಶುವೈದ್ಯ ವಿಭಾಗ 2012ರಲ್ಲಿ ‘ಕ್ಯಾಟ್ ಫ್ರೆಂಡ್ಲಿ ಕ್ಲಿನಿಕ್’ ಎಂಬ ಮಾನ್ಯತೆಯನ್ನು ಆರಂಭಿಸಿತು. ಅದರಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ಹಂತಗಳಿವೆ. ನಾಯಿಗಳಿಂದ ದೂರ ಕಾಯುವ ಜಾಗ, ಬೆಕ್ಕನ್ನು ಹಿಡಿಯುವ ರೀತಿ, ಉಳಿಸಿಕೊಳ್ಳುವ ಗೂಡಿನ ಅಳತೆ, ಉಪಕರಣ ಎಲ್ಲವನ್ನೂ ನೋಡಿ ಅದನ್ನು ಕೊಡುತ್ತಾರೆ. ಈ ಮಾನ್ಯತೆ ಇದ್ದರೆ ಬೆಕ್ಕಿನ ಭಯದ ಬಗ್ಗೆ ಅಲ್ಲಿ ಯಾರೋ ಕೂತು ಯೋಚಿಸಿದ್ದಾರೆ ಎಂದು ಧೈರ್ಯವಾಗಿ ನಂಬಬಹುದು. ನಿಮ್ಮ ಬೆಕ್ಕಿನ ಲೆಕ್ಕವನ್ನು ನೆನಪಿಡುವವರು ಅಲ್ಲಿದ್ದಾರೆಯೇ ಎಂಬುದನ್ನು ಮಾತ್ರ ಪ್ರಮಾಣಪತ್ರ ಹೇಳುವುದಿಲ್ಲ. ಪ್ರತಿ ಸಲವೂ ಬೇರೆ ಡಾಕ್ಟರು ಸಿಗುವ ಕಡೆ ಚಿನ್ನದ ಫಲಕವಿದ್ದರೂ ನಿಮ್ಮ ಕಥೆಯನ್ನು ಮೊದಲಿನಿಂದಲೇ ಹೇಳಬೇಕಾಗುತ್ತದೆ.

ಮೂರನೆಯದು ತಜ್ಞರಿರುವ ದೊಡ್ಡ ಆಸ್ಪತ್ರೆ, ವೆಟರ್ನರಿ ಕಾಲೇಜಿನ ಆಸ್ಪತ್ರೆ. ಪಶುವೈದ್ಯ ಪದವಿಯ ನಂತರ ಇನ್ನೂ ಹಲವು ವರ್ಷ ಒಂದೇ ವಿಭಾಗದಲ್ಲಿ ಪಳಗಿ ಪರೀಕ್ಷೆ ಗೆದ್ದವರು ಇಲ್ಲಿರುತ್ತಾರೆ. ಹೃದಯದ ಎಕೋ, ಎಂಡೋಸ್ಕೋಪಿ, ಬಯಾಪ್ಸಿ ಇಲ್ಲಿ ಆಗುತ್ತವೆ. ಕಾಯಿಲೆ ಯಾವುದೆಂದು ಗೊತ್ತಾಗದಿದ್ದಾಗ, ಎರಡು ಕಾಯಿಲೆಗಳ ಔಷಧ ಒಂದಕ್ಕೊಂದು ಅಡ್ಡ ಬಂದಾಗ, ಸರಿಯಾದ ಔಷಧಕ್ಕೂ ಬೆಕ್ಕು ಬಗ್ಗದಿದ್ದಾಗ ಇಲ್ಲಿಗೆ ಹೋಗಲೇಬೇಕು. ಹಣದ ಮೇಲೆ ಭಾರ ಬೀಳುತ್ತದೆ, ಕಾಯುವುದೂ ಹೆಚ್ಚು. ತಿಂಗಳು ತಿಂಗಳ ತೂಕ, ಬಿ.ಪಿ.ಗೆಲ್ಲ ಇಲ್ಲಿಗೆ ಅಲೆದರೆ ಬೆಕ್ಕೂ ಸೋಲುತ್ತದೆ, ನೀವೂ ಸೋಲುತ್ತೀರಿ.

ಮನೆಗೆ ಬರುವ ಡಾಕ್ಟರು ನಾಲ್ಕನೆಯ ದಾರಿ. ಹೊರಗೆ ಕಾಲಿಟ್ಟರೆ ಕಂಗಾಲಾಗುವ ಬೆಕ್ಕಿಗೆ, ಕೀಲು ಸವೆದ ಮುದಿ ಬೆಕ್ಕಿಗೆ ಇದು ದೊಡ್ಡ ಉಪಕಾರ. ಬೆಕ್ಕು ನೀರು ಕುಡಿಯುವ ಜಾಗ, ಲಿಟರ್ ಟ್ರೇಯ ಎತ್ತರ, ಅದು ಹತ್ತಲಾರದೆ ಬಿಟ್ಟ ಕಿಟಕಿ ಎಲ್ಲವೂ ಅವರ ಕಣ್ಣಿಗೆ ಬೀಳುತ್ತದೆ. ಎಕ್ಸ್‌ರೇ, ಆಮ್ಲಜನಕ, ರಾತ್ರಿಯ ನಿಗಾ ಅವರ ಚೀಲದಲ್ಲಿ ಬರಲಾರವು ಎಂಬುದಷ್ಟೇ ಇದರ ಮಿತಿ.

ಫೋನ್, ವಿಡಿಯೊ ಸಲಹೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಬೆಕ್ಕನ್ನು ಮುಟ್ಟಿ ನೋಡಿದ ಡಾಕ್ಟರ ಜೊತೆ ನಡುನಡುವೆ ಮಾತಾಡಲು ಅದು ತುಂಬ ಒಳ್ಳೆಯದು. ಎಂದೂ ನೋಡದವರಿಂದ ಹೊಸ ಕಾಯಿಲೆಗೆ ಔಷಧ ಕೇಳಲು ಅಲ್ಲ.

ನಾನು ಯಾವುದನ್ನು ಆರಿಸುತ್ತೇನೆ ಎಂದರೆ: ಹತ್ತಿರದಲ್ಲಿ ಲೆಕ್ಕ ಇಡುವ ಒಬ್ಬರು ಮುಖ್ಯ ಡಾಕ್ಟರು, ದೂರದಲ್ಲಿ ಅವರು ನಂಬುವ ಒಬ್ಬರು ತಜ್ಞರು. ತಜ್ಞರು ವರ್ಷಕ್ಕೊಮ್ಮೆಯೋ ಎರಡು ಸಲವೋ ದಾರಿ ಹಾಕಿಕೊಡಲಿ, ಆ ದಾರಿಯಲ್ಲಿ ನಡೆಸುವವರು ಹತ್ತಿರದವರಾಗಲಿ. ಮುಖ್ಯ ಡಾಕ್ಟರು ಯಾರೂ ಇಲ್ಲದೆ ನಾಲ್ಕು ತಜ್ಞರಲ್ಲಿಗೆ ಓಡಾಡುವುದಕ್ಕಿಂತ ಇದು ಎಷ್ಟೋ ಮೇಲು.

ಕಾಯಿಲೆ ನೋಡಿ ಆಯ್ಕೆ

ಎಲ್ಲ ಕಾಯಿಲೆಗೂ ಒಂದೇ ಆಯ್ಕೆ ಹೊಂದುವುದಿಲ್ಲ. ಕಿಡ್ನಿಯಿಂದ ಶುರುಮಾಡುತ್ತೇನೆ, ವಯಸ್ಸಾದ ಬೆಕ್ಕುಗಳ ಮನೆಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಅದೇ.

ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಶಕ್ತಿ ಹೋಗುವ ತನಕ, ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಮಿತಿ ದಾಟದೆ ಇರಬಹುದು. ಎಸ್‌ಡಿಎಂಎ ಎಂಬ ಇನ್ನೊಂದು ಪರೀಕ್ಷೆ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಐಆರ್‌ಐಎಸ್ ಎಂಬ ತಜ್ಞರ ತಂಡ ಮಾಡಿದ ವಿಂಗಡಣೆಯಂತೆ ಬೆಕ್ಕಿನ ಕ್ರಿಯಾಟಿನಿನ್ 1.6ರಿಂದ 2.8 ಇದ್ದರೆ ಎರಡನೇ ಹಂತ, 2.9ರಿಂದ 5 ಇದ್ದರೆ ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಮೂತ್ರದಲ್ಲಿ ಪ್ರೋಟೀನ್ ಎಷ್ಟು, ಬಿ.ಪಿ. ಎಷ್ಟು ಎಂಬುದನ್ನೂ ಸೇರಿಸಿಕೊಂಡು ಚಿಕಿತ್ಸೆ ನಿರ್ಧಾರವಾಗುತ್ತದೆ. ಆದ್ದರಿಂದ “ಕಿಡ್ನಿ ಸ್ವಲ್ಪ ವೀಕು” ಎಂದಷ್ಟೇ ಹೇಳಿ ಕಳಿಸುವವರಿಗಿಂತ, ಯಾವ ಹಂತ, ಮೂತ್ರ ಹೇಗಿದೆ, ಬಿ.ಪಿ. ಎಷ್ಟು ಎಂದು ಬರೆದುಕೊಡುವವರು ಮೇಲು. ಇನ್ನೊಂದು ಸೂಕ್ಷ್ಮವಿದೆ. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಸೊರಗಿದ ಬೆಕ್ಕಿನಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆ ತೋರುತ್ತದೆ. ಹೋದ ವರ್ಷ 1.0 ಇದ್ದದ್ದು ಈ ವರ್ಷ 1.5 ಆದರೆ ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದೇ ಬರಬಹುದು, ಆದರೆ ಅದು ಗಮನಿಸಲೇಬೇಕಾದ ಏರಿಕೆ. ಅದನ್ನು ಕಾಣಬಲ್ಲವರು ಹಳೆಯ ರಿಪೋರ್ಟ್ ತೆರೆದು ನೋಡುವವರು ಮಾತ್ರ.

ಚಿನ್ನಿಯ ವಿಷಯದಲ್ಲಿ ನಮ್ಮ ಡಾಕ್ಟರು ಔಷಧ ಶುರುಮಾಡುವ ದಿನವೇ ಎಚ್ಚರಿಸಿದ್ದರು: “ಥೈರಾಯ್ಡ್ ಜಾಸ್ತಿ ಇದ್ದಾಗ ಕಿಡ್ನಿಗೆ ರಕ್ತ ನುಗ್ಗಿ ಹರಿಯುತ್ತೆ. ಕಿಡ್ನಿ ತೊಂದರೆ ಇದ್ದರೂ ಮುಚ್ಚಿಹೋಗಿರುತ್ತೆ. ಥೈರಾಯ್ಡ್ ಹಿಡಿತಕ್ಕೆ ಬಂದ ಮೇಲೆ ಅದು ಹೊರಗೆ ಬರಬಹುದು, ಆಗ ಔಷಧವೇ ಕೆಡಿಸಿತು ಅಂದುಕೊಳ್ಳಬೇಡಿ.” ಮೂರು ವಾರದ ನಂತರ ಕ್ರಿಯಾಟಿನಿನ್ 2.4 ಬಂತು. ಮೊದಲೇ ಹೇಳಿರದಿದ್ದರೆ ನಾನು ಆ ದಿನವೇ ಮಾತ್ರೆ ನಿಲ್ಲಿಸಿ ಬೇರೆ ಡಾಕ್ಟರನ್ನು ಹುಡುಕುತ್ತಿದ್ದೆ. ಮುಂದೆ ಏನಾಗಬಹುದು ಎಂದು ಮೊದಲೇ ಹೇಳುವ ಗುಣವನ್ನು ನಾನು ಅಂದಿನಿಂದ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.

ಥೈರಾಯ್ಡ್‌ಗೆ ದಾರಿ ನಾಲ್ಕು: ಮೆಥಿಮಜೋಲ್ ಅಥವಾ ಕಾರ್ಬಿಮಜೋಲ್ ಔಷಧ, ಅಯೋಡಿನ್ ಕಡಿತಗೊಳಿಸಿದ ಆಹಾರ, ಶಸ್ತ್ರಚಿಕಿತ್ಸೆ, ವಿಕಿರಣ ಅಯೋಡಿನ್. ಕೊನೆಯದು ಪರವಾನಗಿ ಇರುವ ಕೆಲವೇ ಕೇಂದ್ರಗಳಲ್ಲಿ ಆಗುವಂಥದ್ದು. ತಮ್ಮಲ್ಲಿ ಇಲ್ಲದ ದಾರಿಯನ್ನೂ ನಿಮಗೆ ತಿಳಿಸಿದರೆ ಆ ಡಾಕ್ಟರನ್ನು ನಂಬಬಹುದು.

ಸಕ್ಕರೆ ಕಾಯಿಲೆಗೆ ಬೇಕಾದವರು ಫೋನಿಗೆ ಸಿಗುವ ಡಾಕ್ಟರು. ಇನ್ಸುಲಿನ್ ಜಾಸ್ತಿಯಾದರೆ ಬೆಕ್ಕು ತೂರಾಡಿ, ಸೆಟೆದು ಬೀಳಬಹುದು, ಅದು ಕ್ಲಿನಿಕ್ ತೆರೆದಿರುವಾಗಲೇ ಆಗುತ್ತದೆಂದು ನಿಯಮವಿಲ್ಲ. ಕ್ಲಿನಿಕ್‌ನಲ್ಲಿ ಹೆದರಿದ ಬೆಕ್ಕಿನ ಸಕ್ಕರೆ ಕಾಯಿಲೆಯಿಲ್ಲದೆಯೂ ಏರಿಬಿಡುವುದರಿಂದ, ಅಲ್ಲಿ ತೆಗೆದ ಒಂದೇ ಅಂಕಿಯನ್ನು ನೆಚ್ಚಿ ಪ್ರಮಾಣ ಬದಲಿಸುವವರ ಬಗ್ಗೆ ಹುಷಾರು. ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ಹನಿ ರಕ್ತದಲ್ಲಿ ಮನೆಯಲ್ಲೇ ಸಕ್ಕರೆ ನೋಡುವುದನ್ನು ಹೇಳಿಕೊಡುವವರನ್ನು ಹುಡುಕಿ. ಸರಿಯಾದ ಆಹಾರ, ಗ್ಲಾರ್ಜಿನ್‌ನಂಥ ದೀರ್ಘಕಾಲದ ಇನ್ಸುಲಿನ್ ಮತ್ತು ಬಿಗಿ ನಿಗಾ ಮೊದಲ ತಿಂಗಳುಗಳಲ್ಲೇ ಸಿಕ್ಕರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಬೇಡವಾಗುವ ಮಟ್ಟಿಗೆ ಸುಧಾರಣೆಯಾಗುತ್ತದೆ. ಈ ಕಾಯಿಲೆಯಲ್ಲಿ ಹಿಂದೇಟು ಹಾಕುತ್ತ ಕಳೆದ ವಾರಗಳು ದುಬಾರಿ.

ಹೃದಯದ ತೊಂದರೆಗೆ ಒಮ್ಮೆಯಾದರೂ ತಜ್ಞರ ಎಕೋ ಬೇಕು. ಆಮೇಲೆ ಮನೆಯಲ್ಲಿ ಬೆಕ್ಕು ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುವುದೇ ದೊಡ್ಡ ಪರೀಕ್ಷೆ; 30 ದಾಟುತ್ತ ಹೋದರೆ ಕಾಯದೆ ಕರೆ ಮಾಡಬೇಕು. ವಾಂತಿ, ಭೇದಿ ತಿಂಗಳುಗಟ್ಟಲೆ ಹಿಡಿದಿದ್ದರೆ ಅದು ಕರುಳಿನ ಉರಿಯೂತವೋ ನಿಧಾನವಾಗಿ ಬೆಳೆಯುವ ಲಿಂಫೋಮಾ ಎಂಬ ಕ್ಯಾನ್ಸರೋ ಎಂದು ಸ್ಕ್ಯಾನಿಂಗ್‌ನಲ್ಲಿ ಖಚಿತವಾಗದು, ಬಯಾಪ್ಸಿಯ ಮಾತು ಬರುತ್ತದೆ, ಅಲ್ಲಿ ದೊಡ್ಡ ಆಸ್ಪತ್ರೆಯೇ ಸರಿ. ಆಸ್ತಮಾಕ್ಕೆ ಮುಖವಾಡವಿರುವ ಇನ್‌ಹೇಲರ್ ಬಳಸಲು ತಾಳ್ಮೆಯಿಂದ ಕಲಿಸುವವರು ಬೇಕು. ಕೀಲುನೋವಿನ ಬೆಕ್ಕು ಡಾಕ್ಟರ ಮೇಜಿನ ಮೇಲೆ ಮುದುಡಿ ಕೂರುತ್ತದೆ, ಕುಂಟಿ ತೋರಿಸುವುದಿಲ್ಲ. ಅದು ಮಂಚ ಹತ್ತುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಒಯ್ಯಿರಿ, ಅದನ್ನು ಪೂರ್ತಿ ನೋಡುವವರನ್ನು ಆರಿಸಿ.

ಇಬ್ಬರಲ್ಲಿ ಯಾರು?

ಒಂದೇ ಬಗೆಯ ಎರಡು ಕ್ಲಿನಿಕ್‌ಗಳಿದ್ದಾಗಲೇ ನಿಜವಾದ ತಾಕಲಾಟ. ನನ್ನ ಮಟ್ಟಿಗೆ ಬಿ.ಪಿ. ನೋಡುವ ರೀತಿಯೊಂದೇ ಅರ್ಧ ಉತ್ತರ ಕೊಡುತ್ತದೆ.

ನಮ್ಮ ಈಗಿನ ಡಾಕ್ಟರು ಅದನ್ನು ಮಾಡುವುದು ಹೀಗೆ. ನಾಯಿಗಳ ಸದ್ದಿಲ್ಲದ ಸಣ್ಣ ಕೋಣೆ. ಪೆಟ್ಟಿಗೆಯ ಮುಚ್ಚಳದ ಕೊಂಡಿಗಳನ್ನು ಸದ್ದಾಗದಂತೆ ಬಿಚ್ಚಿ ಎತ್ತಿ ಪಕ್ಕಕ್ಕಿಡುತ್ತಾರೆ. ಚಿನ್ನಿ ಕೆಳಗಿನ ಅರ್ಧದಲ್ಲಿ, ತನ್ನದೇ ವಾಸನೆಯ ಹಳೆಯ ಟವೆಲಿನ ಮೇಲೆ ಕುಳಿತೇ ಇರುತ್ತಾಳೆ. ಐದಾರು ನಿಮಿಷ ಯಾರೂ ಅವಳನ್ನು ಮುಟ್ಟುವುದಿಲ್ಲ. ಡಾಕ್ಟರು ನನ್ನ ಜೊತೆ ಮೆಲ್ಲಗೆ ಮಾತಾಡುತ್ತ ಬರೆದುಕೊಳ್ಳುತ್ತಾರೆ. ಆಮೇಲೆ ಮುಂಗಾಲಿಗೆ ಎರಡು ಬೆರಳಗಲದ ಪಟ್ಟಿ ಸುತ್ತುತ್ತಾರೆ. ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಯಂತ್ರದ ಸದ್ದು ಅವಳಿಗೆ ಕೇಳಿಸದಂತೆ ತಾವು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಮೊದಲ ಅಂಕಿಯನ್ನು ಬಿಟ್ಟು, ಆಮೇಲಿನ ಐದಾರನ್ನು ಬರೆದು ಸರಾಸರಿ ತೆಗೆಯುತ್ತಾರೆ. ಇದಕ್ಕೆಲ್ಲ ಹದಿನೈದು ನಿಮಿಷ ಬೇಕು. ಇನ್ನೊಂದು ಕಡೆ ಕತ್ತಿನ ಚರ್ಮ ಹಿಡಿದೆತ್ತಿ, ಇಬ್ಬರು ಒತ್ತಿ ಹಿಡಿದು, ಒಂದೇ ಸಲ ನೋಡಿ 190 ಎಂದು ಬರೆದಿದ್ದರು. ಆ 190 ಬಿ.ಪಿ.ಯದೋ ಭಯದ್ದೋ ಯಾರಿಗೆ ಗೊತ್ತು? ಮೇಲಿನ ಒತ್ತಡ ನಿಜವಾಗಿ 160 ದಾಟಿದರೆ ಚಿಕಿತ್ಸೆಯ ಯೋಚನೆ ಬೇಕು. 180 ದಾಟಿದರೆ ಕಣ್ಣಿನ ಒಳಪರದೆ ಕಳಚಿ ಬೆಕ್ಕು ರಾತ್ರೋರಾತ್ರಿ ಕುರುಡಾಗುವ ಅಪಾಯ ಹೆಚ್ಚು. ಇಷ್ಟು ಭಾರದ ಅಂಕಿಯನ್ನು ಅವಸರದಲ್ಲಿ ತೆಗೆಯಬಾರದು. ಕಿಡ್ನಿ, ಥೈರಾಯ್ಡ್ ಎರಡೂ ಬಿ.ಪಿ. ಏರಿಸುವ ಕಾಯಿಲೆಗಳು. ಬೆಕ್ಕಿನ ಬಿ.ಪಿ. ನೋಡುವ ಸಾಧನವೇ ಇಲ್ಲದ ಕಡೆ ಈ ಎರಡರ ಮುಖ್ಯ ಚಿಕಿತ್ಸೆ ಇಟ್ಟುಕೊಳ್ಳಬೇಡಿ.

ತೀರ ಗಾಬರಿಯ ಬೆಕ್ಕಾದರೆ ಹೊರಡುವ ಎರಡು ಮೂರು ಗಂಟೆ ಮೊದಲು ಗಾಬರಿ ತಗ್ಗಿಸುವ ಗಾಬಾಪೆಂಟಿನ್ ಎಂಬ ಔಷಧ ಕೊಡಲು ಅನೇಕ ಡಾಕ್ಟರು ಹೇಳುತ್ತಾರೆ. ಕಿಡ್ನಿ ಸೋತ ಬೆಕ್ಕಿಗೆ ಅದರ ಪ್ರಮಾಣ ಇಳಿಸಬೇಕಾಗುತ್ತದೆ, ಆದ್ದರಿಂದ ಡಾಕ್ಟರು ಹೇಳಿದಷ್ಟೇ ಕೊಡಿ. ನಿಮ್ಮ ಬೆಕ್ಕು ಪರಚುತ್ತದೆ ಎಂದು ಫೋನಿನಲ್ಲಿ ಹೇಳಿದಾಗ “ಪರವಾಗಿಲ್ಲ, ಹಿಡ್ಕೊಳ್ತೀವಿ” ಎಂದರೆ ಒಂದು ಬಗೆ. “ಹಾಗಾದರೆ ಬರುವ ಮೊದಲು ಹೀಗೆ ಮಾಡಿ” ಎಂದರೆ ಇನ್ನೊಂದು ಬಗೆ. ನಾನು ಎರಡನೆಯವರ ಕಡೆ.

ಮನೆಯ ಪಾಡನ್ನು ಕೇಳುತ್ತಾರೆಯೇ ಎಂಬುದನ್ನೂ ನೋಡಿ. ಚಿನ್ನಿಗೆ ದಿನಕ್ಕೆರಡು ಮಾತ್ರೆ. ಮೊದಲ ವಾರ ಹೇಗೋ ನುಂಗಿದಳು. ಆಮೇಲೆ ನನ್ನ ಹೆಜ್ಜೆಯ ಸದ್ದಿಗೇ ಕಪಾಟಿನ ಹಿಂದೆ ಸೇರತೊಡಗಿದಳು. ಗುಡಿಸುವಾಗ ಅಲ್ಲಿ ಉಗಿದ ಮಾತ್ರೆಗಳು ಸಿಕ್ಕವು. ಡಾಕ್ಟರು ರಿಪೋರ್ಟ್ ನೋಡಿ ಮೊದಲು ಕೇಳಿದ್ದೇ “ಮಾತ್ರೆ ಹೊಟ್ಟೆಗೆ ಹೋಗ್ತಿದೆಯಾ?” ಎಂದು. ಇಲ್ಲವೆಂದಾಗ ಗದರಲಿಲ್ಲ, ಪ್ರಮಾಣವನ್ನೂ ಏರಿಸಲಿಲ್ಲ. ಅದೇ ಔಷಧವನ್ನು ಕಿವಿಯ ಒಳಬದಿಗೆ ಹಚ್ಚುವ ಜೆಲ್ ರೂಪದಲ್ಲಿ ಬರೆದುಕೊಟ್ಟರು. ಕೈಗೆ ಗ್ಲೌಸ್ ಹಾಕಬೇಕು, ಇಲ್ಲವಾದರೆ ಔಷಧ ನಮ್ಮ ಮೈಗೂ ಇಳಿಯುತ್ತದೆ; ಬೆಳಿಗ್ಗೆ ಬಲಗಿವಿ, ಸಂಜೆ ಎಡಗಿವಿ; ಹಳೆಯ ಪದರವನ್ನು ಒದ್ದೆ ಹತ್ತಿಯಿಂದ ಒರೆಸಿಯೇ ಹೊಸದು. ತಾವೇ ಒಮ್ಮೆ ಹಚ್ಚಿ ತೋರಿಸಿ, ಆಮೇಲೆ ನನ್ನಿಂದ ಹಚ್ಚಿಸಿ ನೋಡಿದರು. ಆಗ ಇನ್ಸುಲಿನ್ ಇರಲಿ, ಚರ್ಮದಡಿ ದ್ರವ ಕೊಡುವುದಿರಲಿ, ಇವರು ಕೈ ಹಿಡಿದು ಕಲಿಸುತ್ತಾರೆ ಎಂಬ ಧೈರ್ಯ ಬಂತು.

ಹಣದ ವಿಷಯ. ಯಾವುದೇ ಪರೀಕ್ಷೆಗೆ ಬರೆದಾಗ ಕೇಳಬೇಕಾದ ಪ್ರಶ್ನೆ ಒಂದೇ: “ಇದರ ಫಲಿತಾಂಶ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ?” ಸ್ಪಷ್ಟ ಉತ್ತರ ಬಂದರೆ ಮಾಡಿಸಿ. ನಮ್ಮಿಂದ ಎಷ್ಟು ಸಾಧ್ಯ ಎಂದು ಮೊದಲೇ ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಅದನ್ನು ಕೇಳಿಸಿಕೊಂಡು “ಹಾಗಾದರೆ ಬಿ.ಪಿ.ಯನ್ನು ಬಿಡೋದು ಬೇಡ, ಸ್ಕ್ಯಾನಿಂಗ್ ಮುಂದಕ್ಕೆ ಹಾಕೋಣ” ಎಂದು ಆದ್ಯತೆ ಹಾಕಿಕೊಡುವವರು ಹಲವು ವರ್ಷಗಳ ಈ ದಾರಿಗೆ ತಕ್ಕವರು.

ಎಲ್ಲಿಂದ ಹೊರಬರಬೇಕು

ಕೆಲವನ್ನು ಕಂಡರೆ ನಾನು ಎರಡನೇ ಸಲ ಹೋಗುವುದಿಲ್ಲ. ಏನೇ ತೊಂದರೆಗೂ ಸ್ಟೆರಾಯ್ಡ್ ಇಂಜೆಕ್ಷನ್ ಚುಚ್ಚಿ ಕಳಿಸುವುದು ಅವುಗಳಲ್ಲಿ ಮೊದಲನೆಯದು. ಬೆಕ್ಕು ಎರಡು ದಿನ ಚುರುಕಾಗಿ ಕಾಣುತ್ತದೆ, ನಮಗೂ ಸಮಾಧಾನವಾಗುತ್ತದೆ. ಆದರೆ ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟೆರಾಯ್ಡ್ ಬೆಕ್ಕಿನಲ್ಲಿ ಸಕ್ಕರೆ ಕಾಯಿಲೆ ತರಬಹುದು, ಅಡಗಿದ್ದ ಹೃದಯದ ತೊಂದರೆಯನ್ನು ಕೆದಕಬಹುದು. ಅದು ಬೇಕೇ ಬೇಕಾದ ಕಾಯಿಲೆಗಳಿವೆ, ಆಸ್ತಮಾ ಅಂಥದ್ದೊಂದು. ಹಾಗಾಗಿ ಏನು ಚುಚ್ಚಿದರು, ಏಕೆ ಎಂಬುದು ಚೀಟಿಯ ಮೇಲೆ ಇರಬೇಕು. ಇಂಜೆಕ್ಷನ್ ಹೆಸರು ಬರೆದುಕೊಡದ ಕಡೆ, ರಿಪೋರ್ಟಿನ ಪ್ರತಿ ಕೊಡಲು ಹಿಂದೆಮುಂದೆ ನೋಡುವ ಕಡೆ ದೀರ್ಘ ಕಾಯಿಲೆಯ ಬೆಕ್ಕನ್ನು ಒಪ್ಪಿಸಬೇಡಿ. ತೂಕ ನೋಡದೆ ಔಷಧ ಬರೆಯುವವರ ಬಗ್ಗೆ ಬೇರೆ ಹೇಳಬೇಕಿಲ್ಲ. ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ ಎಂದಾಗ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ.

ಹೀಗೆಂದು ಮೂರು ತಿಂಗಳಿಗೊಬ್ಬರನ್ನು ಬದಲಿಸುವುದೂ ಬೆಕ್ಕಿಗೆ ಹಾನಿ. ಕಿಡ್ನಿ ಕಾಯಿಲೆ ವಾಸಿಯಾಗಲಿಲ್ಲ ಎಂಬ ಕಾರಣಕ್ಕೆ ಡಾಕ್ಟರನ್ನು ಬದಲಿಸಿದರೆ ಹೊಸಬರೂ ವಾಸಿಮಾಡಲಾರರು. ಬದಲಿಸಲೇಬೇಕಾದರೆ ಜಗಳವಾಡದೆ ಬದಲಿಸಿ; ನಡುರಾತ್ರಿ ಮತ್ತೆ ಆ ಬಾಗಿಲನ್ನೇ ತಟ್ಟಬೇಕಾಗಬಹುದು. ರಕ್ತ, ಮೂತ್ರದ ಎಲ್ಲ ರಿಪೋರ್ಟ್, ಎಕ್ಸ್‌ರೇ ಚಿತ್ರಗಳ ಫೈಲು, ಯಾವ ಔಷಧ ಯಾವ ದಿನ ಶುರುವಾಯಿತು, ಯಾವುದು ಒಗ್ಗಲಿಲ್ಲ, ತಿಂಗಳ ತೂಕ ಇಷ್ಟನ್ನೂ ಒಂದು ಫೈಲಿಗೆ ಸೇರಿಸಿ ಹೊಸಬರ ಕೈಗೆ ಕೊಡಿ. ಮನೆಯಲ್ಲಿ ಮಗುವಿನ ತೂಕದ ಯಂತ್ರ ಇಟ್ಟುಕೊಳ್ಳುವುದು ಒಳ್ಳೆಯದು, 4 ಕಿಲೋ ಬೆಕ್ಕಿನಲ್ಲಿ 100 ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಹೊಸ ಡಾಕ್ಟರು ಆ ಫೈಲನ್ನು ತೆರೆಯುತ್ತಾರೋ ಪಕ್ಕಕ್ಕೆ ಸರಿಸುತ್ತಾರೋ ನೋಡಿ.

ರಾತ್ರಿಗೆ ಬೇರೆ ಏರ್ಪಾಟು ಇರಲಿ. ನಿಮ್ಮ ಮುಖ್ಯ ಡಾಕ್ಟರು ಎಷ್ಟೇ ಒಳ್ಳೆಯವರಾದರೂ ಮಲಗಲೇಬೇಕು. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಎಂದು ಅವರನ್ನೇ ಕೇಳಿ ನಂಬರು ಬಾಗಿಲಿಗೆ ಅಂಟಿಸಿಡಿ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ಕೂತು ಮೂತ್ರ ಬಾರದಿದ್ದರೆ, ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ತಟ್ಟನೆ ಸತ್ತಂತಾಗಿ ತಣ್ಣಗಾದರೆ, ಸೆಟೆದುಕೊಂಡರೆ ಬೆಳಗಾಗುವ ತನಕ ಕಾಯುವಂತಿಲ್ಲ. ಒಂದಿಡೀ ದಿನ ಏನೂ ತಿನ್ನದ ಬೆಕ್ಕಿನ ಬಗ್ಗೆ ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ. ಕೆಲವೇ ದಿನ ಉಪವಾಸ ಬಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಅದೇ ಪ್ರಾಣಕ್ಕೆ ಎರವಾಗುತ್ತದೆ, ಮೈತುಂಬಿಕೊಂಡ ಬೆಕ್ಕಿಗಂತೂ ಇನ್ನೂ ಬೇಗ.

ಇನ್ನೊಂದು ಪ್ರಶ್ನೆ ಉಳಿದಿದೆ. ಬಾಯಿಗೆ ಬರುವುದು ಕಷ್ಟ, ಆದರೂ ಬೆಕ್ಕು ಚೆನ್ನಾಗಿರುವಾಗಲೇ ಕೇಳಿಬಿಡಿ: ಕೊನೆಯ ದಿನ ಹತ್ತಿರವಾದರೆ ನೀವು ನಮಗೆ ಹೇಗೆ ಹೇಳುತ್ತೀರಿ? ನೋವಿಲ್ಲದಂತೆ ಕಳಿಸಿಕೊಡಲು ಮನೆಗೆ ಬರುತ್ತೀರಾ? ಇಬ್ಬರು ಡಾಕ್ಟರಲ್ಲಿ ಬೇರೆಲ್ಲ ಸಮನಾಗಿದ್ದರೆ ನಾನು ಈ ಪ್ರಶ್ನೆಗೆ ಕೂತು ಉತ್ತರಿಸಿದವರನ್ನು ಆರಿಸುತ್ತೇನೆ. ನಾನು ಕೇಳಿದ ದಿನ ನಮ್ಮ ಡಾಕ್ಟರು ಪೆನ್ನು ಕೆಳಗಿಟ್ಟರು. ಚಿನ್ನಿಗೆ ಇಷ್ಟವಾದ ಮೂರು ಕೆಲಸ ಹೇಳಿ ಎಂದರು. ಬಿಸಿಲಿನ ಕಿಟಕಿಯಲ್ಲಿ ಕೂರುವುದು, ನಾನು ಬಂದಾಗ ಬಾಗಿಲಿಗೆ ಬರುವುದು, ಮೈ ನೆಕ್ಕಿಕೊಳ್ಳುವುದು ಎಂದೆ. “ಕ್ಯಾಲೆಂಡರಿನಲ್ಲಿ ಒಳ್ಳೇ ದಿನಕ್ಕೆ ಒಂದು ಗುರುತು, ಕೆಟ್ಟ ದಿನಕ್ಕೆ ಒಂದು ಗುರುತು ಹಾಕ್ತಾ ಬನ್ನಿ. ಈ ಮೂರರಲ್ಲಿ ಎರಡು ನಿಂತು, ಕೆಟ್ಟ ಗುರುತು ಹೆಚ್ಚಾದ ವಾರ ನನಗೆ ಫೋನ್ ಮಾಡಿ. ನಾನೇ ಬರ್ತೀನಿ” ಎಂದರು. ಆಮೇಲೆ ಎಂದಿನಂತೆ ಅವಳನ್ನು ತೂಕಕ್ಕಿಟ್ಟು, ಹೋದ ಸಲದ 3.8ರ ಪಕ್ಕದಲ್ಲಿ 3.9 ಎಂದು ಬರೆದರು.